ಐದನೇ ದಿನದ ಲೆಕ್ಕ: ಮಾಲಾ-ಎನ್ ಮಾತ್ರೆಯ ಒಂದು ಪ್ರಕರಣ

ವಯಸ್ಸು 26. ಎರಡೂವರೆ ವರ್ಷದ ಹೆಣ್ಣು ಮಗು, ಎದೆಹಾಲು ಬಿಡಿಸಿ ವರ್ಷವಾಗಿದೆ. ಮಂಡ್ಯ ಜಿಲ್ಲೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ. ಎಂಟು ತಿಂಗಳಿಂದ ಗರ್ಭ ತಡೆಯುವ ಮಾಲಾ-ಎನ್ ಮಾತ್ರೆ, ಆಶಾ ಅಕ್ಕ ಮನೆಗೇ ತಂದುಕೊಡುತ್ತಾರೆ. ಗೃಹಪ್ರವೇಶ ಇದೆ ಅಂತ ಮುಟ್ಟು ಮುಂದಕ್ಕೆ ಹಾಕುವ ಮಾತ್ರೆ ನುಂಗಿದ್ದಳು. ಅದನ್ನು ನಿಲ್ಲಿಸಿ ಒಂಬತ್ತು ದಿನವಾದರೂ ಮುಟ್ಟಾಗಿಲ್ಲ ಅಂತ ಅರ್ಧ ದಿನ ರಜೆ ಹಾಕಿ ನಮ್ಮ ಆರೋಗ್ಯ ಕೇಂದ್ರಕ್ಕೆ ಬಂದಿದ್ದಳು.

"ಒಂದಿನಾನೂ ತಪ್ಸಿಲ್ಲ ಮೇಡಂ. ಆದ್ರೂ ಮುಟ್ಟು ನಿಂತೋಗದೆ."

ಇಂಥ ಮಾತು ಕೇಳಿದಾಗ ಡಾಕ್ಟರಿಗೆ ಎರಡು ದಾರಿ. ಒಂದು, ಎಲ್ಲೋ ಮರೆತಿರುತ್ತಾಳೆ ಬಿಡು ಅಂದುಕೊಳ್ಳುವುದು. ಇನ್ನೊಂದು, ಸ್ಟ್ರಿಪ್ ತೋರಿಸಮ್ಮ ಅನ್ನುವುದು. ಸ್ಟ್ರಿಪ್ ನೋಡಿದರೆ ವಾದ ಮಾಡಬೇಕಾಗಿಲ್ಲ. ಅದರಲ್ಲಿ ಎಲ್ಲ ಬರೆದಿಟ್ಟ ಹಾಗೆ ಇರುತ್ತದೆ.

ಊಟದ ಬ್ಯಾಗಿನಿಂದ ಪ್ಲಾಸ್ಟಿಕ್ ಕವರ್ ತೆಗೆದಳು. ಇಎಸ್‌ಐ ಕಾರ್ಡಿನ ಜೊತೆ ಮೂರು ಸ್ಟ್ರಿಪ್. ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆವು. ಮೊದಲನೆಯದು ಹಳೇ ಮಾಲಾ-ಎನ್. 21 ಬಿಳಿ ಮಾತ್ರೆಯ ಗುಳಿಗಳೂ ಖಾಲಿ, ಕೊನೆಯ ಸಾಲಿನ 7 ಬಣ್ಣದ ಮಾತ್ರೆ ಹಾಗೇ ಇವೆ. ಎರಡನೆಯದು ಈಗಿನ ಮಾಲಾ-ಎನ್. ಅದರಲ್ಲಿ 18 ಬಿಳಿ ಖಾಲಿ, ಮೂರು ಉಳಿದಿವೆ, ಬಣ್ಣದವನ್ನು ಕೈಯಲ್ಲೂ ಮುಟ್ಟಿಲ್ಲ. ಮೂರನೆಯದು ಮೆಡಿಕಲ್ ಶಾಪಿನಿಂದ ತಂದ ಮುಟ್ಟು ಮುಂದೂಡುವ ಮಾತ್ರೆ, ನಾರ್‌ಎಥಿಸ್ಟೆರಾನ್ 5 ಮಿಲಿಗ್ರಾಂ, ಪೂರ್ತಿ ಖಾಲಿ.

ಅವಳು ಸುಳ್ಳು ಹೇಳಿರಲಿಲ್ಲ. ದಿನಾ ರಾತ್ರಿ ಊಟ ಆದ ಮೇಲೆ ಒಂದು ಬಿಳಿ ಮಾತ್ರೆ, ನಡುವೆ ಒಂದೂ ತಪ್ಪಿಲ್ಲ. ತಪ್ಪಿದ್ದು ಒಂದು ಸ್ಟ್ರಿಪ್ ಮುಗಿದು ಇನ್ನೊಂದು ಶುರುವಾಗುವ ಜಾಗದಲ್ಲಿ. ಅಲ್ಲಿ ತಪ್ಪಾಗಬಹುದು ಅಂತ ಅವಳಿಗೆ ಯಾರೂ ಹೇಳಿರಲೇ ಇಲ್ಲ.

ಲೆಕ್ಕ ಎಲ್ಲಿ ಜಾರಿತು

"ಹೊಸ ಸ್ಟ್ರಿಪ್ ಯಾವತ್ತು ಶುರು ಮಾಡ್ತೀಯಮ್ಮ?" ಅಂತ ಕೇಳಿದೆ.

"ಮುಟ್ಟಾಗಿ ಐದನೇ ದಿನಕ್ಕೆ. ಮೊದಲ್ನೇ ಸಲ ಹಂಗೇ ಹೇಳಿದ್ರಲ್ಲ."

ಇಡೀ ಪ್ರಕರಣ ಈ ಒಂದು ಉತ್ತರದಲ್ಲಿದೆ. ಐದನೇ ದಿನ ಅನ್ನುವುದು ಮಾತ್ರೆಯನ್ನು ಮೊದಲ ಸಲ ಶುರು ಮಾಡುವವರಿಗೆ ಹೇಳುತ್ತಾ ಬಂದಿರುವ ಮಾತು. ಮುಟ್ಟಾದ ಐದು ದಿನದೊಳಗೆ ಮಾತ್ರೆ ಹಿಡಿದರೆ ಅವತ್ತಿನಿಂದಲೇ ರಕ್ಷಣೆ ಸಿಗುತ್ತದೆ, ಅದಕ್ಕೇ ಆ ಸೂಚನೆ. ಎರಡನೇ ಸ್ಟ್ರಿಪ್ಪಿನಿಂದ ಮುಂದೆ ಮುಟ್ಟಿನ ದಿನಕ್ಕೂ ಮಾತ್ರೆಗೂ ಸಂಬಂಧವಿಲ್ಲ. 21 ಬಿಳಿ, 7 ಬಣ್ಣದ್ದು, ಮರುದಿನವೇ ಹೊಸ ಸ್ಟ್ರಿಪ್ಪಿನ ಮೊದಲ ಬಿಳಿ. ಇದನ್ನು ಬಿಡಿಸಿ ಹೇಳದೆ ಇದ್ದರೆ ಕೇಳಿದವರು ಪ್ರತಿ ತಿಂಗಳೂ ಐದನೇ ದಿನ ಅಂತಲೇ ತಿಳಿಯುತ್ತಾರೆ. ತಿಳಿಯದೆ ಇನ್ನೇನು ಮಾಡುತ್ತಾರೆ?

ಹಾಗಾದರೆ ಏಳು ತಿಂಗಳು ಏನೂ ಆಗಲಿಲ್ಲ ಯಾಕೆ? ಅದೃಷ್ಟ. ಬಿಳಿ ಮಾತ್ರೆ ಮುಗಿದ ಮೂರನೇ ದಿನ ಅವಳಿಗೆ ಮುಟ್ಟಾಗುತ್ತಿತ್ತು. ಅಲ್ಲಿಂದ ಐದನೇ ದಿನ ಅಂದರೆ ಬಿಳಿ ಮುಗಿದ ಏಳನೇ ದಿನ. ಅವತ್ತು ಹೊಸ ಸ್ಟ್ರಿಪ್ ಹಿಡಿಯುತ್ತಿದ್ದಳು. ಹಾರ್ಮೋನ್ ಇಲ್ಲದ ದಿನ ಆರೇ ಆಯಿತು. ತಪ್ಪು ಲೆಕ್ಕಕ್ಕೆ ಸರಿ ಉತ್ತರ ಬರುತ್ತಿತ್ತು.

ಹೋದ ತಿಂಗಳು ಮುಟ್ಟು ಬಂದದ್ದು ಬಿಳಿ ಮುಗಿದ ಐದನೇ ದಿನ. ಅವಳ ಐದನೇ ದಿನ ಒಂಬತ್ತಕ್ಕೆ ಬಿತ್ತು. ಅವತ್ತು ತವರಿನಲ್ಲಿದ್ದಳು, ಹೊಸ ಸ್ಟ್ರಿಪ್ ಮನೆಯಲ್ಲಿತ್ತು. ಬಂದು ಶುರು ಮಾಡುವಷ್ಟರಲ್ಲಿ ಹನ್ನೊಂದನೇ ದಿನ. ಏಳು ದಿನ ಇರಬೇಕಾದ ಬಿಡುವು ಹತ್ತು ದಿನವಾಯಿತು. ಅವಳ ಕಣ್ಣಲ್ಲಿ ಅದು ಎರಡು ದಿನ ತಡ, ಅಷ್ಟೇ. ಮಾತ್ರೆಯ ಲೆಕ್ಕದಲ್ಲಿ ಅದು ಸ್ಟ್ರಿಪ್ಪಿನ ಮೊದಲ ಮೂರು ಬಿಳಿ ಮಾತ್ರೆ ಸತತವಾಗಿ ಮರೆತದ್ದಕ್ಕೆ ಸಮ.

ಈ ಮೂರು ದಿನ ಅಷ್ಟು ದೊಡ್ಡ ವಿಷಯವಾ? ಹೌದು. ಪ್ರತಿ ಬಿಳಿ ಮಾತ್ರೆಯಲ್ಲಿ ಎರಡು ಹಾರ್ಮೋನ್ ಇವೆ, ಲಿವೊನಾರ್ಜೆಸ್ಟ್ರೆಲ್ 0.15 ಮಿಲಿಗ್ರಾಂ ಮತ್ತು ಎಥಿನೈಲ್ ಎಸ್ಟ್ರಡಯಾಲ್ 0.03 ಮಿಲಿಗ್ರಾಂ. ಇವು ಅಂಡಾಶಯವನ್ನು ಸುಮ್ಮನಿರಿಸುತ್ತವೆ. ಬಿಳಿ ನಿಂತ ಮೇಲೆ ಅಂಡಾಶಯ ನಿಧಾನಕ್ಕೆ ಏಳತೊಡಗುತ್ತದೆ, ಅಂಡದ ಚೀಲ ಬೆಳೆಯಲು ಶುರುವಾಗುತ್ತದೆ. ಏಳು ದಿನದೊಳಗೆ ಮತ್ತೆ ಬಿಳಿ ಬಂದರೆ ಅಲ್ಲಿಗೇ ಅಡಗುತ್ತದೆ. ತಡವಾದರೆ ಕೆಲವರಲ್ಲಿ ಅಂಡ ಬಿಡುಗಡೆಯೇ ಆಗಿಬಿಡಬಹುದು. ಅದನ್ನು ಮತ್ತೆ ಪೂರ್ತಿ ಹಿಡಿತಕ್ಕೆ ತರಲು ಸತತ ಏಳು ಬಿಳಿ ಮಾತ್ರೆ ಬೇಕು. ಅದಕ್ಕೇ ಸ್ಟ್ರಿಪ್ಪಿನ ನಡುವೆ ಒಂದು ದಿನ ಮರೆತರೆ ಅಷ್ಟು ಭಯವಿಲ್ಲ, ಶುರುವಿನಲ್ಲಿ ತಡ ಮಾಡಿದರೆ ಭಯ. ಜನ ಅಂದುಕೊಂಡಿರುವುದು ಇದಕ್ಕೆ ಪೂರ್ತಿ ಉಲ್ಟಾ. ನಡುವೆ ಒಂದು ಮರೆತರೆ ಗಾಬರಿಯಾಗಿ ಓಡಿ ಬರುತ್ತಾರೆ, ಹೊಸ ಸ್ಟ್ರಿಪ್ ನಾಲ್ಕು ದಿನ ತಡವಾದರೆ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ.

ಬಣ್ಣದ ಮಾತ್ರೆ ಯಾಕೆ ಬಿಟ್ಟೆ ಅಂದರೆ, "ಅದು ರಕ್ತಕ್ಕಂತೆ. ನಂಗೆ ರಕ್ತ ಚೆನ್ನಾಗೇ ಅದೆ. ಅದ್ನ ನುಂಗಿದ್ರೆ ಕಕ್ಕಸ್ಸಿಗೆ ಕಷ್ಟ" ಅಂದಳು. ನಿಜ, ಅವು ಕಬ್ಬಿಣಾಂಶದ ಮಾತ್ರೆ, ಫೆರಸ್ ಫ್ಯೂಮರೇಟ್ 60 ಮಿಲಿಗ್ರಾಂ. ಮಲ ಕಪ್ಪಾಗುತ್ತದೆ, ಕೆಲವರಿಗೆ ಮಲಬದ್ಧತೆಯೂ ಆಗುತ್ತದೆ. ಗರ್ಭ ತಡೆಯುವ ಕೆಲಸ ಅವಕ್ಕಿಲ್ಲ. ಆದರೆ ದಿನಕ್ಕೊಂದು ನುಂಗಿದರೆ ಏಳು ದಿನ ತಾನಾಗಿ ಎಣಿಕೆಯಾಗುತ್ತದೆ, ಎಂಟನೇ ದಿನ ಕೈ ಹೊಸ ಸ್ಟ್ರಿಪ್ಪಿಗೆ ಹೋಗುತ್ತದೆ. ಅದನ್ನು ಬಿಟ್ಟ ದಿನವೇ ಅವಳ ಕ್ಯಾಲೆಂಡರ್ ಕಳೆದುಹೋಯಿತು. ಅಂದ ಹಾಗೆ, ಅವತ್ತು ಹಿಮೋಗ್ಲೋಬಿನ್ ನೋಡಿಸಿದೆ. 10.4 ಇತ್ತು. 12 ಇರಬೇಕು.

ಗೃಹಪ್ರವೇಶದ ಮಾತ್ರೆ

ಇದರ ಮೇಲೆ ಬಂತು ಭಾವನ ಮನೆ ಗೃಹಪ್ರವೇಶ. ಹೊರಗಾಗುವ ದಿನ ಸರಿಯಾಗಿ ಅವತ್ತಿಗೇ ಬೀಳುತ್ತಿತ್ತು. ಅತ್ತೆ ಬಾಯಿಬಿಟ್ಟು ಏನೂ ಹೇಳಲಿಲ್ಲವಂತೆ, ಹೇಳುವ ಅಗತ್ಯವೂ ಇರಲಿಲ್ಲ. ನಾದಿನಿ ಒಂದು ಮೆಡಿಕಲ್ ಶಾಪಿಗೆ ಹೋಗಿ ಮಾತ್ರೆ ತಂದುಕೊಟ್ಟಳು. ಡೇಟಿಗೆ ಮೂರು ದಿನ ಮುಂಚಿನಿಂದ ದಿನಕ್ಕೆ ಮೂರು. ಬಿಪಿ ಇದೆಯಾ, ಬೇರೆ ಮಾತ್ರೆ ನಡೀತಾ ಇದೆಯಾ ಅಂತ ಕೌಂಟರಿನಲ್ಲಿ ಯಾರೂ ಕೇಳಲಿಲ್ಲ. ಶ್ರಾವಣ ಬಂದರೆ, ಮದುವೆ ಸೀಸನ್ ಬಂದರೆ, ಈ ಮಾತ್ರೆ ನಮ್ಮ ಕಡೆ ಎಷ್ಟು ಸಲೀಸಾಗಿ ಕೈ ಬದಲಾಗುತ್ತದೆ ಅಂತ ನಿಮಗೂ ಗೊತ್ತು ಅಲ್ವಾ?

ಎರಡೂ ಒಟ್ಟಿಗೆ ನುಂಗಿದರೆ ಉಷ್ಣ ಜಾಸ್ತಿಯಾಗುತ್ತದೆ ಅಂತ 18ನೇ ಬಿಳಿ ಮಾತ್ರೆಗೆ ಮಾಲಾ-ಎನ್ ನಿಲ್ಲಿಸಿದಳು. ಆರು ದಿನ ನಾರ್‌ಎಥಿಸ್ಟೆರಾನ್ ನುಂಗಿದಳು. ಪೂಜೆ ಮುಗಿಯಿತು, ಅದನ್ನೂ ನಿಲ್ಲಿಸಿದಳು. ಈಗ ಅವಳ ಹಳೇ ನಿಯಮದಂತೆ ಮುಟ್ಟಾಗಬೇಕು, ಐದನೇ ದಿನ ಬರಬೇಕು, ಆಮೇಲೆ ಮಾತ್ರೆ. ಮುಟ್ಟೇ ಬರಲಿಲ್ಲ. ಒಂಬತ್ತು ದಿನ ಯಾವ ಮಾತ್ರೆಯೂ ಇಲ್ಲ, ನಿರೋಧ್ (ಕಾಂಡೋಮ್) ಕೂಡ ಇಲ್ಲ.

ಸಿಟ್ಟು ಬರುವುದು ಇಲ್ಲೇ. ಆ ಮೆಡಿಕಲ್ ಶಾಪ್ ಮಾತ್ರೆ ಅವಳಿಗೆ ಬೇಕಾಗಿಯೇ ಇರಲಿಲ್ಲ. ಮುಟ್ಟು ಮುಂದೆ ಹಾಕುವ ಉಪಾಯ ಅವಳ ಊಟದ ಬ್ಯಾಗಿನಲ್ಲೇ ಇತ್ತು. ಮಾಲಾ-ಎನ್ ತಗೊಳ್ಳುವವರಿಗೆ ತಿಂಗಳು ತಿಂಗಳು ಬರುವುದು ಅಂಡ ಬಿಡುಗಡೆಯಾಗಿ ಬರುವ ಮುಟ್ಟಲ್ಲ. ಹಾರ್ಮೋನ್ ನಿಂತಿದ್ದಕ್ಕೆ ಆಗುವ ಸ್ರಾವ. ಬಿಳಿ ನಿಲ್ಲಿಸದಿದ್ದರೆ ಅದು ಬರುವುದಿಲ್ಲ. 21 ಬಿಳಿ ಮುಗಿದ ಮೇಲೆ ಬಣ್ಣದ್ದನ್ನು ಬಿಟ್ಟು ಮರುದಿನವೇ ಹೊಸ ಸ್ಟ್ರಿಪ್ಪಿನ ಬಿಳಿ ಹಿಡಿದರೆ ಸಾಕು. ಒಂದೆರಡು ಹನಿ ಕಾಣಿಸಿಕೊಳ್ಳಬಹುದು, ಅಷ್ಟೇ. ಗರ್ಭದ ರಕ್ಷಣೆಯೂ ಕಡಿದುಹೋಗುವುದಿಲ್ಲ.

ನಾರ್‌ಎಥಿಸ್ಟೆರಾನ್ ಕೆಟ್ಟ ಔಷಧಿ ಅಂತ ನಾನು ಹೇಳುತ್ತಿಲ್ಲ. ಜಾಸ್ತಿ ಸ್ರಾವ ಇರುವವರಿಗೆ ನಾವೇ ಬರೆದುಕೊಡುತ್ತೇವೆ. ಆದರೆ ಮುಟ್ಟು ಮುಂದೂಡಲು ಕೊಡುವ ಮಾತ್ರೆಯನ್ನು ಗರ್ಭ ತಡೆಯುವುದಕ್ಕೆ ನಂಬಿಕೊಳ್ಳುವ ಹಾಗಿಲ್ಲ. ಜೊತೆಗೆ, ದಿನಕ್ಕೆ ಮೂರು ನುಂಗಿದಾಗ ಅದರ ಸ್ವಲ್ಪ ಭಾಗ ದೇಹದಲ್ಲಿ ಎಥಿನೈಲ್ ಎಸ್ಟ್ರಡಯಾಲ್ ಆಗಿ ಬದಲಾಗುತ್ತದೆ. ಹಾಗಾಗಿ ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಕೌಂಟರಿನಲ್ಲಿ ಕೇಳದೆ ಕೊಡುವ ಮಾತ್ರೆ ಅದಲ್ಲ.

ಅವತ್ತು ಏನು ಮಾಡಿದೆವು

ಗರ್ಭ ನಿಂತಿದೆಯಾ ಅಂತ ಮೂತ್ರ ಪರೀಕ್ಷೆ ಮಾಡಿಸಿದೆವು. ಒಂದೇ ಗೆರೆ. ಗರ್ಭ ಇಲ್ಲ ಅಂತ ಅವಳ ಮುಖ ಅರಳಿತು, ನನ್ನ ಲೆಕ್ಕ ಇನ್ನೂ ಮುಗಿದಿರಲಿಲ್ಲ. ಹೊಸ ಸ್ಟ್ರಿಪ್ ತಡವಾಗಿ ಶುರುವಾದ ವಾರದಲ್ಲಿ ಗಂಡ ಹೆಂಡತಿ ಸೇರಿದ್ದರು. ಅದಕ್ಕೆ ನಾಲ್ಕು ವಾರ ಆಗಿದೆ. ಮೂರು ವಾರ ದಾಟಿದ್ದರಿಂದ ಆ ಸಲದ ಮಟ್ಟಿಗೆ ಇವತ್ತಿನ ಒಂದೇ ಗೆರೆಯನ್ನು ನಂಬಬಹುದು. ಆದರೆ ಆರು ದಿನದ ಹಿಂದೆ ಇನ್ನೊಮ್ಮೆ ಸೇರಿದ್ದಾರೆ. ಅದರಿಂದ ಗರ್ಭ ನಿಂತಿದ್ದರೂ ಇವತ್ತು ತೋರಿಸುವುದಿಲ್ಲ. ತುರ್ತು ಗರ್ಭನಿರೋಧಕ ಮಾತ್ರೆಗೆ ಇರುವ 72 ಗಂಟೆ ದಾಟಿದೆ. ತುರ್ತಾಗಿ ವಂಕಿ, ಅಂದರೆ ಕಾಪರ್-ಟಿ ಹಾಕಿಸುವುದಕ್ಕೆ ಇರುವ ಐದು ದಿನವೂ ದಾಟಿದೆ. ಹದಿನೈದು ದಿನ ಬಿಟ್ಟು ಮತ್ತೆ ಪರೀಕ್ಷೆ ಮಾಡಲೇಬೇಕು.

ಅಲ್ಲಿಯವರೆಗೆ? ಹೆಚ್ಚಿನ ಕಡೆ ಸಿಗುವ ಉತ್ತರ "ಮುಟ್ಟಾಗಲಿ, ಆಮೇಲೆ ಬಾ." ಸುಲಭದ ಮಾತು. ಎಷ್ಟೋ ಬೇಡದ ಬಸಿರು ನಿಲ್ಲುವುದು ಹೀಗೆ ಕಾಯುವ ದಿನಗಳಲ್ಲೇ. ಆದ್ದರಿಂದ ಅವತ್ತೇ ಹೊಸ ಸ್ಟ್ರಿಪ್ಪಿನ ಮೊದಲ ಬಿಳಿ ಮಾತ್ರೆ ನುಂಗಲು ಹೇಳಿದೆವು. ಮುಂದಿನ ಏಳು ದಿನ ನಿರೋಧ್ ಜೊತೆಗಿರಲಿ ಅಂದೆವು.

"ಮುಟ್ಟಾಗ್ದೆ ತಗೋಬೋದಾ? ಒಳಗೇನಾರ ನಿಂತಿದ್ರೆ?"

ಗರ್ಭ ನಿಂತದ್ದು ಗೊತ್ತಾಗದೆ ಈ ಮಾತ್ರೆ ನುಂಗಿದ್ದರಿಂದ ಮಗುವಿಗೆ ಊನ ಬರುವುದಿಲ್ಲ, ಇದ್ದ ಗರ್ಭ ಇದರಿಂದ ಹೋಗುವುದೂ ಇಲ್ಲ. ಇದನ್ನು ಎರಡು ಸಲ ಹೇಳಬೇಕಾಯಿತು. ಮುಟ್ಟು ಯಾಕೆ ಬರಲಿಲ್ಲ ಅನ್ನುವುದಕ್ಕೂ ಉತ್ತರ ಕೊಟ್ಟೆವು. ತಿಂಗಳುಗಟ್ಟಲೆ ಈ ಮಾತ್ರೆ ತಗೊಂಡವರ ಗರ್ಭಕೋಶದ ಒಳಪದರ ತೆಳ್ಳಗಿರುತ್ತದೆ. ಒಮ್ಮೊಮ್ಮೆ ಉದುರಲು ಏನೂ ಇರುವುದಿಲ್ಲ. ಕೆಟ್ಟ ರಕ್ತ ಒಳಗೆ ಕಟ್ಟಿಕೊಂಡಿದೆ ಅನ್ನುವುದೆಲ್ಲ ಸುಮ್ನೆ ಭಯ.

ಮತ್ತೆ ಮಾಲಾ-ಎನ್ ಕೊಡುವ ಮುಂಚೆ, ಎಂಟು ತಿಂಗಳ ಹಿಂದೆ ಕೇಳಿರಬೇಕಿದ್ದ ಪ್ರಶ್ನೆಗಳನ್ನೆಲ್ಲ ಹೊಸದಾಗಿ ಕೇಳಿದೆವು. ಬಿಪಿ 116/74. ಇದು 140/90 ದಾಟಿದ್ದರೆ ಈ ಮಾತ್ರೆ ಬೇಡ ಅನ್ನುತ್ತಿದ್ದೆ. ಕಾಲಿನಲ್ಲಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಪಾರ್ಶ್ವವಾಯು, ಹೃದಯದ ಕಾಯಿಲೆ, ಸ್ತನ ಕ್ಯಾನ್ಸರ್, ಜೋರು ಕಾಮಾಲೆ, ಯಾವುದೂ ಇಲ್ಲ. ಹೆರಿಗೆಯಾಗಿ ಆರು ತಿಂಗಳೊಳಗಿನ ಹಾಲುಣಿಸುವ ತಾಯಿಗೂ ಈ ಮಾತ್ರೆ ಕೊಡುವುದಿಲ್ಲ, ಇವಳಿಗೆ ಆ ಮಾತಿಲ್ಲ. 35 ದಾಟಿದ ಮೇಲೆ ಬೀಡಿ ಸಿಗರೇಟು ಸೇದುವವರಿಗೂ ಬೇಡ. ಟಿಬಿ ಮಾತ್ರೆ ನಡೆಯುತ್ತಿದೆಯಾ ಅಂತ ಬಿಡದೆ ಕೇಳಿದೆ. ಅದರಲ್ಲಿರುವ ರಿಫಾಂಪಿಸಿನ್ ಈ ಹಾರ್ಮೋನುಗಳನ್ನು ಯಕೃತ್ತಿನಲ್ಲಿ ಬೇಗ ಕರಗಿಸಿಬಿಡುತ್ತದೆ. ದಿನಾ ತಪ್ಪದೆ ನುಂಗಿದರೂ ರಕ್ಷಣೆ ಇರುವುದಿಲ್ಲ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಕೂಡ ಹಾಗೇ.

ತಲೆನೋವು ಇದೆ ಅಂದಳು. ಇಲ್ಲಿ ಸ್ವಲ್ಪ ಹೊತ್ತು ನಿಂತೆವು. ತಲೆನೋವು ಶುರುವಾಗುವ ಮುಂಚೆ ಕಣ್ಣ ಮುಂದೆ ಅಂಕುಡೊಂಕಾಗಿ ಹೊಳೆಯುವ ಗೆರೆ ಬರುತ್ತದಾ? ಅರ್ಧ ನೋಟ ಮಸುಕಾಗುತ್ತದಾ? ಒಂದು ಕಡೆ ಕೈ, ತುಟಿ ಜೋಮು ಹಿಡಿಯುತ್ತದಾ? ಹೌದು ಅಂದಿದ್ದರೆ ಅದು ಆರಾ ಇರುವ ಮೈಗ್ರೇನ್. ಅಂಥವರಿಗೆ ಯಾವ ವಯಸ್ಸಿನಲ್ಲೂ ಈ ಮಾತ್ರೆ ಕೂಡದು, ಪಾರ್ಶ್ವವಾಯುವಿನ ಅಪಾಯ ಏರುತ್ತದೆ. ಅವಳದು ಹಾಗಲ್ಲ. ಬಿಳಿ ಮುಗಿದ ಎರಡು ಮೂರನೇ ದಿನ ಹಣೆ ಹಿಡಿದಂತಾಗುತ್ತದೆ, ನಿದ್ದೆ ಮಾಡಿದರೆ ಹೋಗುತ್ತದೆ. ಹಾರ್ಮೋನ್ ಇಳಿದಾಗ ಕೆಲವರಿಗೆ ಹೀಗಾಗುವುದುಂಟು.

ರಕ್ತ ಹೆಪ್ಪುಗಟ್ಟುವ ಅಪಾಯ ಎಷ್ಟು ಅಂತ ಕೇಳುವವರಿಗೆ ನಾನು ಹೇಳುವ ಅಂಕಿ ಇದು. ಯಾವ ಹಾರ್ಮೋನ್ ಮಾತ್ರೆಯನ್ನೂ ತಗೊಳ್ಳದ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು ಇಬ್ಬರಿಗೆ ಆಗುತ್ತದೆ. ಲಿವೊನಾರ್ಜೆಸ್ಟ್ರೆಲ್ ಇರುವ ಮಾತ್ರೆಯವರಲ್ಲಿ 5ರಿಂದ 7 ಜನಕ್ಕೆ. ಡ್ರೊಸ್ಪಿರೆನೋನ್, ಡೆಸೊಜೆಸ್ಟ್ರೆಲ್ ಇರುವ ದುಬಾರಿ ಮಾತ್ರೆಗಳಲ್ಲಿ 9ರಿಂದ 12. ಸರ್ಕಾರದ ಪುಕ್ಕಟೆ ಮಾತ್ರೆ ಅಂತ ಮೂಗು ಮುರಿಯುವವರು ಇದನ್ನು ಗಮನಿಸಬೇಕು. ಹಾಗಂತ ಅಪಾಯ ಸೊನ್ನೆಯಲ್ಲ. ಒಂದೇ ಕಾಲಿನ ಮೀನಖಂಡ ಊದಿ ನೋವಾದರೆ, ಎದೆನೋವು ಅಥವಾ ಏದುಸಿರು ಬಂದರೆ, ಹಿಂದೆಂದೂ ಕಾಣದ ತಲೆನೋವು ಹೊಡೆದರೆ, ಕಣ್ಣು ಮಂಜಾದರೆ, ಹೊಟ್ಟೆಯಲ್ಲಿ ಸಹಿಸಲಾಗದ ನೋವು ಬಂದರೆ, ಕಣ್ಣು ಹಳದಿಯಾದರೆ ಮಾತ್ರೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಬರಬೇಕು ಅಂತ ಹೇಳಿದೆವು.

ಬೇರೆ ದಾರಿಗಳನ್ನೂ ಮುಂದಿಟ್ಟೆವು. ಮೂರು ತಿಂಗಳಿಗೊಮ್ಮೆ ಹಾಕುವ ಅಂತರ ಅನ್ನುವ ಚುಚ್ಚುಮದ್ದು ಬೇಡ ಅಂದಳು. ನಾದಿನಿಗೆ ಅದರಿಂದ ಅಡ್ಡಾದಿಡ್ಡಿ ಸ್ರಾವವಾಗಿತ್ತು. ಹಾರ್ಮೋನ್ ಇಲ್ಲದ ಛಾಯಾ ಮಾತ್ರೆ ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. "ದಿನಾ ಆದ್ರೆ ನೆನಪಿರ್ತದೆ, ವಾರಕ್ಕಾದ್ರೆ ಮರ್ತೋಗ್ತದೆ" ಅಂದಳು. ವಂಕಿಗೆ ಮನಸ್ಸಿಲ್ಲ. ಮನೆ ಸಾಲ ತೀರಿದ ಮೇಲೆ ಎರಡನೇ ಮಗು ಬೇಕು. ಮಾಲಾ-ಎನ್ ಅನ್ನೇ ಆರಿಸಿಕೊಂಡಳು.

ವಾರದ ಲೆಕ್ಕ

ಅವಳಿಗೆ ಕಲಿಸಬೇಕಿದ್ದದ್ದು ಒಂದೇ ನಿಯಮ. ಬಿಳಿ ಮುಗಿದ ಎಂಟನೇ ದಿನ ಹೊಸ ಸ್ಟ್ರಿಪ್. ಮುಟ್ಟು ಬಂದಿರಲಿ, ಬರದಿರಲಿ, ಇನ್ನೂ ನಡೀತಾ ಇರಲಿ. ಇದನ್ನು ನೆನಪಿಡಲು ತಾರೀಖು ಬೇಕಿಲ್ಲ, ವಾರ ಸಾಕು. 28 ದಿನ ಅಂದರೆ ಸರಿಯಾಗಿ ನಾಲ್ಕು ವಾರ. ಅವಳು ಬಂದದ್ದು ಗುರುವಾರ, ಮೊದಲ ಬಿಳಿ ನುಂಗಿದ್ದೂ ಅವತ್ತೇ. ಇನ್ನು ಎಲ್ಲ ಸ್ಟ್ರಿಪ್ಪೂ ಗುರುವಾರವೇ ಶುರು. "ರಾಯರ ವಾರ, ಮರೆಯಲ್ಲ ಬಿಡಿ" ಅಂದಳು. ಬಣ್ಣದ ಮಾತ್ರೆ ಬಿಟ್ಟು ಸ್ಟ್ರಿಪ್ ಜೋಡಿಸಿದರೂ 21 ದಿನಕ್ಕೆ ಬರುವುದು ಗುರುವಾರವೇ. ಮೆಡಿಕಲ್ ಶಾಪಿನಲ್ಲಿ ದುಡ್ಡಿಗೆ ಸಿಗುವ ಮಾಲಾ-ಡಿಗೂ ಇದೇ ಲೆಕ್ಕ. ಕೆಲವು ಬ್ರ್ಯಾಂಡುಗಳಲ್ಲಿ 24 ಹಾರ್ಮೋನ್ ಮಾತ್ರೆ, 4 ಖಾಲಿ ಮಾತ್ರೆ ಇರುತ್ತವೆ. ಅಂಥವರು ತಮ್ಮ ಪ್ಯಾಕೆಟ್ಟಿನ ಸೂಚನೆಯನ್ನೇ ನೋಡಬೇಕು.

ಮರೆತರೆ ಏನು ಮಾಡಬೇಕು ಅನ್ನುವುದನ್ನು ಹಳೇ ಸ್ಟ್ರಿಪ್ ಇಟ್ಟುಕೊಂಡೇ ತೋರಿಸಿದೆವು. ಒಂದು ಬಿಳಿ ಮರೆತರೆ ನೆನಪಾದ ತಕ್ಷಣ ನುಂಗುವುದು, ಅವತ್ತಿನದ್ದನ್ನು ಅದರ ಹೊತ್ತಿಗೆ ನುಂಗುವುದು. ಒಂದೇ ದಿನ ಎರಡಾದರೂ ಪರವಾಗಿಲ್ಲ. ಎರಡು ಅಥವಾ ಜಾಸ್ತಿ ಸತತವಾಗಿ ಮರೆತರೆ ಒಂದನ್ನು ಕೂಡಲೇ ನುಂಗಿ, ಮರೆತ ಉಳಿದದ್ದನ್ನು ಬಿಟ್ಟು, ದಿನಕ್ಕೊಂದು ಮುಂದುವರಿಸಬೇಕು. ಸತತ ಏಳು ಬಿಳಿ ಆಗುವವರೆಗೆ ನಿರೋಧ್ ಬೇಕು. ಹೀಗೆ ಮರೆತದ್ದು ಬಿಳಿಯ ಕೊನೇ ವಾರದಲ್ಲಾದರೆ ಬಣ್ಣದ್ದನ್ನು ಬಿಟ್ಟು ನೇರ ಹೊಸ ಸ್ಟ್ರಿಪ್. ಮೊದಲ ವಾರದಲ್ಲಾಗಿ, ಗಂಡನ ಜೊತೆ ಸೇರಿದ್ದರೆ, 72 ಗಂಟೆಯೊಳಗೆ ತುರ್ತು ಮಾತ್ರೆಗೆ ಬರಬೇಕು. ಮಾತ್ರೆ ನುಂಗಿ ಎರಡು ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಬೇಕು. ಬಣ್ಣದ್ದು ಮರೆತರೆ ಏನೂ ಆಗುವುದಿಲ್ಲ, ವಾರದ ಲೆಕ್ಕ ತಪ್ಪದಿದ್ದರೆ ಸಾಕು.

ಹದಿನೈದು ದಿನಕ್ಕೆ ಬಂದಳು. ಪರೀಕ್ಷೆಯಲ್ಲಿ ಮತ್ತೆ ಒಂದೇ ಗೆರೆ, ಈ ಸಲ ನಂಬುವಂಥದ್ದು. ಬಣ್ಣದ ಮಾತ್ರೆಯ ಮೂರನೇ ದಿನ ಮುಟ್ಟಾಯಿತು ಅಂತ ಆಮೇಲೆ ಆಶಾ ಅಕ್ಕನ ಹತ್ತಿರ ಹೇಳಿ ಕಳಿಸಿದಳು. ಕಬ್ಬಿಣದ ಮಾತ್ರೆಯನ್ನು ಈಗ ಊಟವಾದ ಮೇಲೆ ನುಂಗುತ್ತಾಳೆ.

ತವರಿಗೆ ಹೋದಾಗ ಸ್ಟ್ರಿಪ್ ಇಲ್ಲ ಅನ್ನುವ ಹಾಗಾಗಬಾರದು ಅಂತ ಒಂದರ ಬದಲು ಒಟ್ಟಿಗೆ ಮೂರು ಸ್ಟ್ರಿಪ್ ಕೊಡಲು ಆಶಾ ಅಕ್ಕನಿಗೆ ಹೇಳಿದೆ. ಊರಹಬ್ಬಕ್ಕೆ ಸ್ಟ್ರಿಪ್ ಜೋಡಿಸಬೇಕಾದರೂ ಒಂದು ಹೆಚ್ಚಿಗೆ ಕೈಲಿರಲೇಬೇಕು. ಅಕ್ಕ ಅಷ್ಟಕ್ಕೇ ಬಿಡಲಿಲ್ಲ. ತಮ್ಮ ಪಟ್ಟಿಯಲ್ಲಿ ಮಾಲಾ-ಎನ್ ತಗೊಳ್ಳುವವರ ಮನೆಗೆಲ್ಲ ಹೋಗಿ, ಹೊಸ ಸ್ಟ್ರಿಪ್ ಯಾವತ್ತು ಶುರು ಮಾಡ್ತೀರಿ ಅಂತ ಒಬ್ಬೊಬ್ಬರನ್ನೇ ಕೇಳಿ ಬಂದರು. ಮುಟ್ಟಾದ ಐದನೇ ದಿನ ಅಂದವರು ಇವಳೊಬ್ಬಳೇ ಆಗಿರಲಿಲ್ಲ. ಅವರೆಲ್ಲರ ಸ್ಟ್ರಿಪ್ಪಿನ ಹಿಂದೆ ಈಗ ಪೆನ್ನಿನಲ್ಲಿ ವಾರದ ಹೆಸರು ಬರೆದುಕೊಟ್ಟಿದ್ದಾರೆ.